ಟೇಪಣ್ಣನ ಹದಿನೆಂಟಡಿ ಮನೆ

ಟೇಪಣ್ಣ ಮೊದಲು ಹುಟ್ಟಿದನೋ ಅವನ ಕೊರಳಿನ ಟೇಪು ಮೊದಲು ಹುಟ್ಟಿತೋ ಎಂಬ ವಿಷಯದಲ್ಲಿ ಬೀದಿಯಲ್ಲಿ ಎರಡು ಪಕ್ಷಗಳಿದ್ದವು. ಹುಟ್ಟಿದ ಕೂಸು ಅಳುವುದಕ್ಕೂ ಮುಂಚೆ ಸೂಲಗಿತ್ತಿಯ ಅಂಗೈ ಅಳೆಯಿತು ಎನ್ನುವುದು ಹಿರಿಯರ ವಾದ. ಅವನು ಹಲ್ಲು ಕೀಳಿಸಲು ಹೋದವನು ಡಾಕ್ಟರ ಇಕ್ಕಳವನ್ನು ಅಳೆದು, “ಇದು ನನ್ನ ಬಾಯಿಗೆ ಒಂದು ಸೈಜು ದೊಡ್ಡದು ಸಾರ್” ಎಂದು ಹಲ್ಲನ್ನು ಹಾಗೇ ಮನೆಗೆ ವಾಪಸು ತಂದದ್ದಕ್ಕಂತೂ ಕಣ್ಣಾರೆ ಕಂಡವರಿದ್ದಾರೆ. ಕಾಂಪೌಂಡಿನ ಜಗಳವಿರಲಿ, ಕಪಾಟು ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂಬ ಪ್ರಶ್ನೆಯಿರಲಿ, ಜನ ಅವನನ್ನೇ ಕರೆಸುತ್ತಿದ್ದರು. ಟೇಪು ಒಂದು ಅಂಕಿ ಹೇಳಿತೆಂದರೆ ಅದರ ಮೇಲೆ ಅಪೀಲಿರಲಿಲ್ಲ.

ಇಂಥ ಮಹಾಪುರುಷ ವೃತ್ತಿಯಲ್ಲಿ ಟೈಲರು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಹತ್ತೊಂಬತ್ತು ವರ್ಷಗಳಿಂದ ಸಂಸಾರ. ಅವನು, ಹೆಂಡತಿ, ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಬಸ್ ಕಂಡಕ್ಟರಾಗಿ ರಿಟೈರಾದ ಮಾವ, ಮತ್ತು ಅಕ್ಕ. ತಾಯಿಯಿಲ್ಲದ ತಮ್ಮನಿಗೆ ಅನ್ನದ ಜೊತೆ ಕತ್ತರಿ ಹಿಡಿಯುವುದನ್ನೂ ಕಲಿಸಿದವಳು ಅಕ್ಕ. ಈಗಲೂ ಅಂಗಡಿಯ ಕಾಜಾ, ಗುಂಡಿ ಎಲ್ಲ ಅವಳ ಕೈಯವೇ. ಅವಳ ಹಾಸಿಗೆ ಮಾತ್ರ ನಡುಬಾಗಿಲಲ್ಲಿ. ಹೋಗಿಬರುವವರೆಲ್ಲ ಅವಳನ್ನು ದಾಟಿಯೇ ಹೋಗಬೇಕು. ಹಾಗಾಗಿ ಗೃಹನಿರ್ಮಾಣ ಸಂಘದ ಚೀಟಿಯಲ್ಲಿ ಅವನಿಗೊಂದು ಸೈಟು ಬಂದ ದಿನ ಟೇಪಣ್ಣ ಎಲ್ಲರೆದುರು ಮಾತು ಕೊಟ್ಟಿದ್ದ: “ಹೊಸ ಮನೇಲಿ ಅಕ್ಕನಿಗೊಂದು ರೂಮು. ಬಾಗಿಲು ಹಾಕ್ಕೊಳ್ಳೋ ಅಂಥಾದ್ದು.”

ಸಂಘದ ಎಂಜಿನಿಯರು ಸೈಟಿನ ಕಾಗದಪತ್ರಗಳನ್ನು ತನ್ನ ಬೀರುವಿನಲ್ಲಿಟ್ಟುಕೊಂಡು ಮೂರು ವಿಷಯ ಹೇಳಿದ. ಅಲ್ಲಿ ಮಹಡಿ ಕಟ್ಟುವಂತಿಲ್ಲ. ಎರಡೂ ಪಕ್ಕಕ್ಕೆ ಮೂರು ಮೂರು ಅಡಿ ಬಿಡಬೇಕು. ಮನೆಯವರೆಲ್ಲ ಕೂತು, ಒಪ್ಪಿ, ಒಂದು ನಕ್ಷೆ ಬರೆದು ಮೂರು ವಾರದೊಳಗೆ, ಮೂರನೇ ಶುಕ್ರವಾರ ಸಂಜೆ ಐದಕ್ಕೆ ಮುಂಚೆ ತಂದುಕೊಡಬೇಕು. ತಡವಾದರೆ ಸೈಟು ಸಂಘಕ್ಕೆ ವಾಪಸು.

ಟೇಪಣ್ಣ ಒಬ್ಬನೇ ಹೋಗಿ ಸೈಟನ್ನು ಅಳೆದ. ಐದಡಿಯ ಟೇಪನ್ನು ನೆಲದ ಮೇಲೆ ಮಂಡಿಯೂರಿ ಎಳೆದೆಳೆದು, ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಬರೆದುಕೊಂಡು ಬಂದ. ಅಗಲ ಹದಿನೆಂಟು, ಉದ್ದ ಐವತ್ತು. ಕಟಿಂಗ್ ಮೇಜಿನ ಮೇಲೆ ಖಾಕಿ ಕಾಗದ ಹಾಸಿ, ಅಡಿಗೊಂದು ಇಂಚಿನಂತೆ ಗೀಟು ಎಳೆದ. ಪಕ್ಕದ ಜಾಗ ಬಿಟ್ಟರೆ ಮನೆಗೆ ಉಳಿದದ್ದು ಹನ್ನೆರಡಡಿ ಅಗಲ.

ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನೋಡಿದಳು. “ಏನ್ರೀ ಇದು, ಮನೆನಾ ಪ್ಯಾಂಟಿನ ಕಾಲಾ? ಇನ್ನೊಂದು ಕಾಲು ಎಲ್ಲಿ?”

“ತಮಾಷೆ ಆಮೇಲೆ. ಅಭಿಪ್ರಾಯ ಹೇಳು.”

“ಅಡುಗೆಮನೇಲಿ ತಿರುಗಿದ್ರೆ ಮೊಣಕೈಗೆ ಗೋಡೆ ಬಡೀಬಾರದು. ಅಷ್ಟೇ ನನ್ನ ಅಭಿಪ್ರಾಯ.”

ಅಡುಗೆಮನೆ ಎರಡಡಿ ಬೆಳೆಯಿತು. ಅದರ ಪಕ್ಕದಲ್ಲಿದ್ದ ಅಕ್ಕನ ರೂಮು ಎರಡಡಿ ಕುಗ್ಗಿತು.

ಮಾವನಿಗೆ ನಕ್ಷೆ ನೋಡಿದ ಕೂಡಲೇ ಹಳೆಯ ಉತ್ಸಾಹ ಮರಳಿತು. “ಉದ್ದಕ್ಕೆ ಬಸ್ಸಿನ ಹಾಗೇ ಇದೆಯಲ್ಲ ಅಳಿಯಂದಿರೇ. ಹಿಂದಿನಿಂದ ಹತ್ತಿ ಮುಂದಿನಿಂದ ಇಳಿಯೋ ಹಾಗೆ ಎರಡು ಬಾಗಿಲಿಡಿ. ಐವತ್ತು ಸೀಟಿನ ಗಾಡೀಲಿ ನಾನು ನೂರು ಜನ ಹಾಕಿದೀನಿ. ಆರು ಜನ ಒಂದು ಲೆಕ್ಕವಾ?”

“ಅವರೆಲ್ಲ ಇಳಿದು ಹೋಗೋರು ಮಾವ. ನಾವು ಇಳಿಯೋ ಹಾಗಿಲ್ಲ.”

“ಹಂಗಾದ್ರೆ ನನ್ನ ಮಂಚ ಬಾಗಿಲ ಹತ್ತಿರ ಹಾಕಿ. ಅಭ್ಯಾಸ.” ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, “ಅಲ್ಲ, ಅವತ್ತು ಬಸ್ಸಿಂದ ನೋಡಿದಾಗ ಸೈಟು ಇದಕ್ಕಿಂತ ಅಗಲ ಕಾಣ್ತಿತ್ತಪ್ಪ” ಎಂದರು.

ಟೇಪಣ್ಣ ಕೊರಳಿನಿಂದ ಟೇಪು ತೆಗೆದು ಮೇಜಿನ ಮೇಲಿಟ್ಟ. “ಇದು ಸುಳ್ಳು ಹೇಳುತ್ತಾ ಮಾವ?”

“ಖಾಲಿ ಸೈಟು ಹಾಗೇ ಬಿಡಿ,” ಎಂದು ಮಾವ ತಣ್ಣಗಾದರು. “ಕಣ್ಣಿಗೆ ಮೋಸ.”

ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ದೊಡ್ಡ ಮಗಳಿಗೆ ಓದಲು ಕಿಟಕಿ ಬೇಕಿತ್ತು, ಚಿಕ್ಕವಳಿಗೆ ದೊಡ್ಡವಳಿಲ್ಲದ ಕಿಟಕಿ ಬೇಕಿತ್ತು. ತೋಳೆತ್ತಿ ನಿಂತು ಅಳತೆ ಕೊಡುತ್ತಿದ್ದ ಗಿರಾಕಿಗಳೂ ಮೇಜಿನ ಮೇಲಿನ ನಕ್ಷೆಗೆ ಕಣ್ಣು ಹಾಯಿಸಿ ಸಲಹೆ ಕೊಟ್ಟರು. ಬಚ್ಚಲು ಹಿಂದಿರಲಿ ಎಂದ ಒಬ್ಬ, ಮುಂದಿರಲಿ ಎಂದ ಇನ್ನೊಬ್ಬ. ಟೇಪಣ್ಣ ಎಲ್ಲರ ಮಾತಿಗೂ ರಬ್ಬರು ಉಜ್ಜಿದ. ಎರಡನೆಯ ವಾರಕ್ಕೆ ಅಡುಗೆಮನೆಯಿದ್ದಲ್ಲಿ ಕಾಗದ ತೂತುಬಿತ್ತು. ತೇಪೆ ಹಾಕಿ ಅದರ ಮೇಲೆ ಒಲೆ ಬರೆದ. ಅವನು ಹೊಲಿದ ಒಂದು ಷರ್ಟಿನ ಎರಡೂ ತೋಳು ಎಡಗೈಯವಾದವು. ಊಟಕ್ಕೆ ಕೂತರೆ ತಟ್ಟೆಯ ಅಗಲ ಅಳೆದು ನಿಟ್ಟುಸಿರು ಬಿಡುತ್ತಿದ್ದ. ಅಕ್ಕನ ರೂಮು ಹತ್ತಡಿಯಿಂದ ಎಂಟಾಗಿ, ಆರಾಗಿ, ಮಂಚದಷ್ಟಾಗಿ, ಕೊನೆಯ ಗುರುವಾರ ಮಧ್ಯಾಹ್ನ ಚಿಕ್ಕವಳ ಕಿಟಕಿ ಜರುಗಿದಾಗ ಬಚ್ಚಲಿನೊಳಗೆ ಸೇರಿಹೋಯಿತು.

ಮೂಲೆಯಲ್ಲಿ ಕಾಜಾ ಹಾಕುತ್ತ ಕೂತಿದ್ದ ಅಕ್ಕ ಇಷ್ಟು ದಿನದಲ್ಲಿ ಒಂದೂ ಅಭಿಪ್ರಾಯ ಹೇಳಿರಲಿಲ್ಲ. ಈಗ ದಾರವನ್ನು ಹಲ್ಲಿನಿಂದ ಕಡಿದು ಹೇಳಿದಳು: “ನಾನು ಅಂಗಡೀಲೇ ಇರ್ತೀನಿ ಬಿಡೋ. ಮೆಷೀನಿದೆ, ಫ್ಯಾನಿದೆ. ಬಾಗಿಲಂತೂ ಇದೆ, ಶಟರು.”

ಮೂರು ವಾರ ತಾನು ಎಲ್ಲರನ್ನೂ ಕೇಳಿದ್ದು ಈ ಒಂದು ಮಾತು ಕೇಳುವುದಕ್ಕಾಗಿ ಎಂಬಂತೆ ಟೇಪಣ್ಣ ಸ್ಟೂಲಿನ ಮೇಲೆ ಕುಸಿದ. ಮತ್ತೆ ಎದ್ದ. ಒಬ್ಬಳಿಗೆ ಕಡಿಮೆಯೆಂದರೆ ಎಷ್ಟು ಜಾಗ ಬೇಕು ಎಂದು ನೋಡಿಬಿಡುವ ಹುಚ್ಚು ಹಟ ಹತ್ತಿತ್ತು.

“ನಿಂತ್ಕೋ ಅಕ್ಕ.”

ಅಕ್ಕ ನಿಂತಳು. ತಲೆಯಿಂದ ಹಿಮ್ಮಡಿಯವರೆಗೆ ಅರವತ್ತು ಇಂಚು. ಭುಜದಿಂದ ಭುಜಕ್ಕೆ ಹದಿನಾಲ್ಕು. ಟೇಪಣ್ಣ ಪುಸ್ತಕ ತೆರೆದು ಉದ್ದ ಅರವತ್ತು, ಅಗಲ ಏಳು ಎಂದು ಬರೆದ.

ಅಕ್ಕ ಇಣುಕಿ ನೋಡಿ ನಕ್ಕಳು. “ಏಳಿಂಚಿನವಳಾದೆ ನೋಡು. ನನಗೆ ರೂಮೇ ಬೇಡ, ಕಪಾಟು ಸಾಕು.”

“ನೀನೇ ಅಲ್ವಾ ಕಲಿಸಿದ್ದು? ಬಟ್ಟೆ ಮಡಚಿ ಕತ್ತರಿಸ್ತೀವಿ, ಅಗಲ ಯಾವಾಗ್ಲೂ ಅರ್ಧ ಬರೀಬೇಕು ಅಂತ. ಮೊದಲನೇ ದಿನ ಪೂರ್ತಿ ಬರೆದಿದ್ದಕ್ಕೆ ಗಜಕಡ್ಡೀಲಿ ಬಾರಿಸಿದ್ದೆ.”

“ಬಾರಿಸಿದ್ದಕ್ಕೆ ತಾನೇ ಕೈ ಕೂತಿದ್ದು,” ಎಂದಳು ಅಕ್ಕ. ಅವಳ ರೂಮು ಮಾತ್ರ ನಕ್ಷೆಗೆ ಮರಳಲಿಲ್ಲ.

ಶುಕ್ರವಾರ ಸಂಜೆ ನಾಲ್ಕೂವರೆಗೆ ಅಕ್ಕ ತಮ್ಮ ಇಬ್ಬರೂ ಎಂಜಿನಿಯರ ಕಚೇರಿಯಲ್ಲಿದ್ದರು. ನಕ್ಷೆಯ ಕೆಳಗೆ ಉಳಿದ ಮನೆಯವರೆಲ್ಲ ಒಪ್ಪಿಗೆಯ ಸಹಿ ಹಾಕಿದ್ದರು. ಅಕ್ಕ ಅಲ್ಲೇ ಹಾಕುತ್ತೇನೆಂದು ಪೆನ್ನಿನ ಸಮೇತ ಬಂದಿದ್ದಳು. ತೇಪೆಗಳಿಂದ ದಪ್ಪಗಾಗಿದ್ದ ಆ ಕಾಗದವನ್ನು ಎಂಜಿನಿಯರು ಎರಡೂ ಕೈಯಲ್ಲಿ ಕಂಬಳಿಯಂತೆ ಬಿಡಿಸಿದ.

“ಎಲ್ಲ ಕೂಡಿಸಿದೀರಿ. ಇವರ ರೂಮೆಲ್ಲಿ?” ಎಂದು ಅಕ್ಕನನ್ನು ತೋರಿಸಿದ.

ಟೇಪಣ್ಣ ನೆಲ ನೋಡಿದ. “ಹಿಡಿಸಲಿಲ್ಲ ಸಾರ್.”

“ನನಗೇನೂ ಬೇಜಾರಿಲ್ಲ,” ಎಂದು ಅಕ್ಕ ಪೆನ್ನಿನ ಮುಚ್ಚಳ ತೆಗೆದಳು.

“ತಡೀರಮ್ಮ.” ಎಂಜಿನಿಯರು ಬೀರುವಿನಿಂದ ಸೈಟಿನ ಕಾಗದ ತೆಗೆದು ನಕ್ಷೆಯ ಪಕ್ಕ ಇಟ್ಟ. ಒಮ್ಮೆ ಇದನ್ನು ನೋಡಿದ, ಒಮ್ಮೆ ಅದನ್ನು ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. “ಸೈಟಿನ ಅಗಲ ಮೂವತ್ತಾರು ಅಡಿ. ನೀವು ಹದಿನೆಂಟಕ್ಕೆ ಮನೆ ಬರೆದಿದೀರಿ.”

ಅಕ್ಕನ ಪೆನ್ನು ಗಾಳಿಯಲ್ಲೇ ನಿಂತಿತು. ಮೂವತ್ತಾರರ ಅರ್ಧ ಎಷ್ಟೆಂಬುದು ಅವಳಿಗೆ ಮೊದಲು ಹೊಳೆಯಿತು. ಅವಳು ಮುಚ್ಚಳವನ್ನು ಪೆನ್ನಿಗೆ ಹಾಕಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು; ಅವಳ ಭುಜ ಕುಲುಕುತ್ತಿತ್ತು, ನಗುವೋ ಅಳುವೋ ತಿಳಿಯುವಂತಿರಲಿಲ್ಲ.

“ಮೂರು ವಾರ ಮನೆಮಂದಿಯೆಲ್ಲ ಕೂತು ಜಗಳಾಡಿದೀರಿ,” ಎಂದ ಎಂಜಿನಿಯರು. ಅವನು ಆಗಲೇ ಪೆನ್ಸಿಲು ತೆಗೆದು, ಅಡುಗೆಮನೆಯ ಪಕ್ಕ, ಗೀಟಿನಾಚೆಯ ಖಾಲಿ ಜಾಗದಲ್ಲಿ ಹತ್ತಡಿಗೆ ಹತ್ತಡಿಯ ಒಂದು ಚೌಕ ಎಳೆದು, ಅದಕ್ಕೊಂದು ಬಾಗಿಲನ್ನೂ ಇಡುತ್ತಿದ್ದ. “ಅಷ್ಟೂ ದಿನ ಇನ್ನರ್ಧ ಸೈಟು ಎಲ್ಲಿಟ್ಟಿದ್ರಿ ಟೇಪಣ್ಣ?”

ಟೇಪಣ್ಣ ಕೊರಳಿನ ಟೇಪನ್ನು ಸರಿಮಾಡಿಕೊಂಡ.

“ಮಡಚಿಟ್ಟಿದ್ದೆ ಸಾರ್.”