ಅರಬ್ಬಿ ಅಲ್ಲದ ಒಂದು ಮಾತು

ಮೊನ್ನೆ ಮಗನಿಗೆ ಹೊಟ್ಟೆನೋವು ಅಂತ ಬಾಣಲೆಯಲ್ಲಿ ಅಜವಾನ ಹುರಿದೆ. ಕ್ಯಾಂಟನ್‌ನ ಚಳಿಗೆ ಕಿಟಕಿ ತೆಗೆಯುವ ಹಾಗಿರಲಿಲ್ಲ. ಘಾಟು ಅಡುಗೆಮನೆ ತುಂಬಿಕೊಂಡಿತು. ಸ್ಟವ್ ಆರಿಸಿ ಹಾಗೇ ನಿಂತುಬಿಟ್ಟೆ. ಹತ್ತಿರದ ಡಿಯರ್‌ಬಾರ್ನ್‌ನಲ್ಲಿ ನಾನು ಹೋಗುತ್ತಿದ್ದ ಬೇಕರಿಯೊಂದರಲ್ಲಿ ಎಣ್ಣೆಯಲ್ಲಿ ಕಲಸಿ ರೊಟ್ಟಿಗೆ ಸವರುತ್ತಿದ್ದ ಒಣ ಸೊಪ್ಪಿಗೂ ಇದೇ ವಾಸನೆ ಇತ್ತು... ಸವರುತ್ತಿದ್ದವರು ನನ್ನ ಬೇಕರಿ ಅಂಕಲ್.

ಅವರು ಅರಬರು, ಪಾಸ್‌ಪೋರ್ಟ್ ಮಾತ್ರ ಇಸ್ರೇಲಿನದು. ಅದು ಹೇಗೆ ಅಂತ ಕೇಳಿದ್ದೆ. "ಇಸ್ರೇಲ್ ಹುಟ್ಟಿದ ವರ್ಷದ ಯುದ್ಧಕ್ಕೆ ಊರಿಗೆ ಊರೇ ಓಡಿಹೋಯ್ತು. ನಮ್ಮಜ್ಜ ಕುಂಟ, ಓಡೋಕಾಗಲಿಲ್ಲ. ಅದಕ್ಕೇ ನಾವು ಅಲ್ಲಿನ ಪ್ರಜೆಗಳು, ಬಿಂತಿ" ಅಂದಿದ್ದರು. ಬಿಂತಿ ಅಂದರೆ ಮಗಳೇ. ಅಲ್ಲಿ ಮೂವತ್ತು ವರ್ಷ ಒಬ್ಬ ಯಹೂದಿಯ ಬೇಕರಿಯಲ್ಲಿ ಕೆಲಸ ಮಾಡಿದವರು. ಆ ಮಾಲೀಕ ಒಳ್ಳೆಯ ಮನುಷ್ಯ, ಇವರಿಗೆ ಮಗಳು ಹುಟ್ಟಿದಾಗ ತೊಟ್ಟಿಲು ಹೊತ್ತು ತಂದಿದ್ದನಂತೆ. ಆದರೆ ಊರಲ್ಲಿ ಗಲಾಟೆ ಆದಾಗಲೆಲ್ಲ, ಗಿರಾಕಿಗಳು ಹೆದರುತ್ತಾರೆ, ಕೌಂಟರಿನಲ್ಲಿ ಅರಬ್ಬಿ ಬೇಡ ಅನ್ನುತ್ತಿದ್ದನಂತೆ. ಬಸ್ಸಿನಲ್ಲಿ ಮಗಳ ಫೋನ್ ಬಂದರೆ ಇವರು ಎತ್ತುತ್ತಿರಲಿಲ್ಲ, ಎತ್ತಿದರೆ ಬಾಯಿಂದ ಅರಬ್ಬಿ ಬರುತ್ತದಲ್ಲ. ಬಾಡಿಗೆ ಮನೆ, ಹೆಸರು ಹೇಳುವವರೆಗೂ ಖಾಲಿ ಇರುತ್ತಿತ್ತಂತೆ. ಬೆಂಗಳೂರಿನಲ್ಲಿ ನನಗೂ ಹಾಗೇ ಆಗಿತ್ತು ಅಂದೆ. ಇಬ್ಬರೂ ನಕ್ಕೆವು. ನಗುವಂಥದ್ದೇನೂ ಇರಲಿಲ್ಲ.

ಗದಗಿನಲ್ಲಿ ನಮ್ಮ ಅಬ್ಬಾ ತೂತಾದ ಕೊಡ, ಡಬ್ಬಿಗಳಿಗೆ ಬೆಸುಗೆ ಹಾಕುತ್ತಿದ್ದರು. ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಓಣಿಯವರ ರೇಷನ್ ಕಾರ್ಡು, ಪಿಂಚಣಿ ಅರ್ಜಿ ಎಲ್ಲ ನನ್ನ ಕೈಯಲ್ಲೇ. ಸೊಕ್ಕು ಅನ್ನಿ ಬೇಕಾದರೆ, ಈಗಲೂ ಫಾರ್ಮ್ ಕಂಡರೆ ಕೈ ತುರಿಸುತ್ತದೆ. ಅರಬ್ಬಿಯನ್ನೂ ಮದರಸಾದಲ್ಲಿ ಕಲಿತಿದ್ದೆ. ಓದಲು ಬರುತ್ತದೆ, ಅರ್ಥ ಬರುವುದಿಲ್ಲ. ನಮ್ಮ ಕಡೆ ಬಹಳ ಮಂದಿ ಹಾಗೇ. "ಅಲ್ಲಾಹನ ಜೊತೆ ಮಾತಾಡ್ತೀಯ, ನನ್ನ ಜೊತೆ ಬರಲ್ವಾ?" ಅಂತ ಅಂಕಲ್ ರೇಗಿಸುತ್ತಿದ್ದರು.

ಆಮೇಲೊಂದು ವರ್ಷ ಇಸ್ರೇಲಿನಲ್ಲಿ ಯುದ್ಧ ಶುರುವಾಯಿತು. ತಾಯಿಯ ಜೊತೆ ಅಲ್ಲೇ ಉಳಿದು ನರ್ಸಿಂಗ್ ಓದುತ್ತಿದ್ದ ಅವರ ಮಗಳು, ಯುದ್ಧದಲ್ಲಿ ಸತ್ತ ಅರಬ್ ಮಕ್ಕಳಿಗಾಗಿ ಒಂದು ಸಾಲು ದುವಾವನ್ನು, ಪ್ರಾರ್ಥನೆಯನ್ನು, ಎಲ್ಲರೂ ನೋಡುವ ಹಾಗೆ ಫೋನಿನಲ್ಲಿ ಹಾಕಿದಳು. ಕಾಲೇಜಿನಿಂದ ಹೊರಗಿಟ್ಟರು. ಆಮೇಲೆ ಪೊಲೀಸರು ವಿಚಾರಣೆಗೆ ಕರೆದರು. ಹೆಂಡತಿಯನ್ನೂ ಮಗಳನ್ನೂ ಇಲ್ಲಿಗೆ ಕರೆಸಿಕೊಳ್ಳಬೇಕು ಅಂತ ಅಂಕಲ್ ಹಟ ಹಿಡಿದರು. ಅರ್ಜಿಯನ್ನು ನಾನೇ ತುಂಬಿದೆ. ಇವರಿಗೆ ನಮ್ಮಲ್ಲಿ ಕೆಲಸವಿದೆ ಅಂತ ಬೇಕರಿ ಮಾಲೀಕರ ಪತ್ರವೊಂದು ಬಂದರೆ ಎಲ್ಲ ಸಿದ್ಧ.

ಪ್ರತಿ ಪುಟ ಮುಗಿದಾಗಲೂ ಅಂಕಲ್ ನನ್ನ ಕಿವಿಯ ಹತ್ತಿರ, "ಬೆಸೆದರ್, ಬಿಂತಿ, ಬೆಸೆದರ್" ಅನ್ನುತ್ತಿದ್ದರು. ಎಲ್ಲ ಸರಿಯಾಗಿದೆ ಅಂತ ಇರಬೇಕು ಅಂದುಕೊಂಡೆ. ಅಬ್ಬಾ ಜೀವಮಾನವೆಲ್ಲ ಬೆಸೆದವರು, ನನಗೆ ಆ ಮಾತು ಮರೆಯುವುದು ಹೇಗೆ? ಅರಬರ ಬಾಯಿಂದ ಬಂದದ್ದೆಲ್ಲ ಅರಬ್ಬಿ ಅಂತ ನಂಬಿದ್ದೆ. ಒಲೆಯ ಮುಂದೆ ಎಲ್ಲವನ್ನೂ ಕೂಗಿ ಹೇಳುವ ಮನುಷ್ಯ ಇದೊಂದನ್ನು ಮಾತ್ರ ಯಾಕೆ ಪಿಸುಗುಡುತ್ತಾರೆ ಅಂತ ನಾನು ಯೋಚಿಸಲೇ ಇಲ್ಲ...

ಪತ್ರ ಕೊಡುತ್ತೇನೆ ಅಂತ ಮಾಲೀಕರು ಹೇಳಿದ್ದು ಒಂದು ಶುಕ್ರವಾರ. ನಮಾಜಿಗೆ ಮುಂಚಿನ ಹೊತ್ತು, ಸಾಲು ಬಾಗಿಲವರೆಗೂ ಇತ್ತು. ಮಾಲೀಕರು ಲೆಬನಾನಿನವರು. ಆ ವಾರ ಅವರ ಊರಿನ ಮೇಲೆ ಇಸ್ರೇಲಿನ ಬಾಂಬು ಬಿದ್ದಿತ್ತು, ಕಣ್ಣು ಕೆಂಪಾಗಿದ್ದವು. ಕೌಂಟರಿನ ಮೇಲೆ ಸಹಿ ಮಾಡಿದ ಪತ್ರ ಕಂಡಿತು. ನನಗೆ ಖುಷಿ ತಡೆಯಲಿಲ್ಲ. ಫೈಲು ಮೇಲೆತ್ತಿ ಹಿಡಿದು ಇಡೀ ಅಂಗಡಿಗೆ ಕೇಳುವ ಹಾಗೆ ಕೂಗಿದೆ: "ಬೆಸೆದರ್, ಅಂಕಲ್! ಎಲ್ಲ ಬೆಸೆದರ್!"

ಮುಂದೆ ನಿಂತಿದ್ದವರೊಬ್ಬರು ತಿರುಗಿ ಕೇಳಿದರು, "ಹೀಬ್ರೂ ಯಾರು ಕಲಿಸಿದ್ದು ನಿನಗೆ?"

ನಾನಿನ್ನೂ ನಗುತ್ತಲೇ ಇದ್ದೆ. ಬೆರಳು ತೋರಿಸಿದೆ. "ಇವರೇ."

ಅಂಕಲ್ ಹಿಟ್ಟಿನ ಕೈಯಲ್ಲೇ ಮುಂದೆ ಬಂದು ಅರಬ್ಬಿಯಲ್ಲಿ ಏನೇನೋ ಹೇಳಿದರು. ನಮ್ಮ ಕಡೆ ಎಲ್ಲರೂ ಹೀಗೇ ಮಾತಾಡುತ್ತಾರೆ, ಮೂವತ್ತು ವರ್ಷದ್ದು ಬಾಯಿಗೆ ಅಂಟಿಕೊಂಡಿದೆ ಅಂತ ಹೇಳಿದ್ದಂತೆ, ಆಮೇಲೆ ಗೊತ್ತಾಯಿತು. ಯಾರೂ ಜಗಳ ಮಾಡಲಿಲ್ಲ. ಮಾಲೀಕರು ಪತ್ರವನ್ನು ಎತ್ತಿ ಡ್ರಾಯರಿನೊಳಗಿಟ್ಟು, "ಮುಂದಿನವರು" ಅಂದರು.

ಮುಂದಿನ ವಾರ ಅಂಕಲ್ ಕಾರಿನ ಗಾಜಿನ ಮೇಲೆ ಬಿದ್ದ ಹಿಮದಲ್ಲಿ ಯಾರೋ ಬೆರಳಿನಿಂದ ಅರಬ್ಬಿಯಲ್ಲಿ ಒಂದು ಪದ ಬರೆದಿದ್ದರು. ಎಂದಿನಂತೆ ಅಕ್ಷರ ಕೂಡಿಸಿ ಓದಿದೆ. ಈ ಸಲ ಅರ್ಥವೂ ಆಯಿತು. ಜಾಸೂಸ್. ಗೂಢಚಾರ. ನಮ್ಮ ಮನೆಮಾತಿನಲ್ಲೂ ಅದೇ ಪದ. ಅಂಕಲ್ ನನ್ನ ಮುಖ ನೋಡಿ, "ಕಾಗುಣಿತ ಸರಿ ಇದೆ ಬಿಡು" ಅಂದು ತೋಳಿನಿಂದ ಒರೆಸಿದರು.

ಗಿರಾಕಿಗಳು ಅವರ ಕೈಯಿಂದ ರೊಟ್ಟಿ ತೆಗೆದುಕೊಳ್ಳುವುದನ್ನು ಬಿಟ್ಟರು. ಸ್ವಲ್ಪ ದಿನ ಮನೆಯಲ್ಲಿರಿ ಅಂದರು ಮಾಲೀಕರು. ಪತ್ರ ಬರಲಿಲ್ಲ, ಅರ್ಜಿ ಹೋಗಲಿಲ್ಲ. ಅಷ್ಟರಲ್ಲಿ ಮಗಳ ಎರಡನೇ ವಿಚಾರಣೆಯ ದಿನ ಗೊತ್ತಾಯಿತು. "ನಾನು ಅಲ್ಲಿರಬೇಕು" ಅಂದರು ಅಂಕಲ್.

ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳಬೇಕು ಅಂದುಕೊಂಡೆ, ಪಾಸ್‌ಪೋರ್ಟ್ ಇಟ್ಟುಕೊಂಡಿರಾ ಅಂತಷ್ಟೇ ಕೇಳಿದೆ. ಇಳಿಯುವಾಗ ಅವರೇ, "ವಿಮಾನದಲ್ಲಿ ಯಾವ ಭಾಷೆಯಲ್ಲಿ ನೀರು ಕೇಳಲಿ ಹೇಳು" ಅಂದರು. ನಾನು ನಗಲಿಲ್ಲ. ಆಗ ದನಿ ತಗ್ಗಿಸಿದರು. "ಮೆಸೇಜಿನಲ್ಲಿ ಸುದ್ದಿ ಗಿದ್ದಿ ಬರೀಬೇಡ. ಅಲ್ಲಿ ಪೊಲೀಸರು ಫೋನ್ ತೆಗೆದು ನೋಡ್ತಾರೆ. ಹವಾಮಾನ ಬರಿ, ಸಾಕು."

ಹವಾಮಾನವನ್ನೇ ಬರೆದೆ. ನಾನು ಫ್ಯಾರನ್‌ಹೀಟಿನಲ್ಲಿ, ಅವರು ಸೆಲ್ಸಿಯಸ್ಸಿನಲ್ಲಿ. ಬಿಸಿಲು. ಮೋಡ. ಗಾಳಿ. ಒಂದು ದಿನ ಬಂತು: "ಮಗಳಿಗೆ ಶೀತ. ಹೊರಗೆ ಬಿಡುತ್ತಿಲ್ಲ." ಶೀತ ಅಂದರೆ ಶೀತವೋ, ಬಿಡದೆ ಇರುವವರು ಡಾಕ್ಟರೋ ಪೊಲೀಸರೋ... ಕೇಳುವ ಹಾಗಿರಲಿಲ್ಲ. ಅದಾದ ಮೇಲೆ ಏನೂ ಬಂದಿಲ್ಲ. ಎರಡು ಚಳಿಗಾಲ ಕಳೆದವು.

ನಿನ್ನೆ ಬರೆದೆ: ಹಿಮ, ಆರು ಇಂಚು. ಅದರ ಕೆಳಗೆ, ಕ್ಷಮಿಸಿ ಅಂತ ಟೈಪ್ ಮಾಡಿದೆ. ಆ ಫೋನ್ ಈಗ ಯಾರ ಕೈಯಲ್ಲಿದೆಯೋ. ಯಾವುದಕ್ಕೆ ಕ್ಷಮೆ ಅಂತ ಪೊಲೀಸರು ಅಂಕಲ್‌ನ ಕೂರಿಸಿಕೊಂಡು ಕೇಳಿದರೆ? ಅಳಿಸಿದೆ. ಹಿಮವನ್ನಷ್ಟೇ ಕಳಿಸಿದೆ.