ಅಕ್ಕನ ಹರಕೆ, ತಮ್ಮನ ಲಿವರ್

ಕಾಂದಿವಲಿಯ ಚಾಳಿನಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ರಾಚವ್ವನಿಗೆ ಐವತ್ತು ತುಂಬಿದ ವರ್ಷವೇ ತಮ್ಮ ಶರಣನ ಲಿವರ್ ಕೈಕೊಟ್ಟಿತು. ಮನೆಯವರು ಯಾರಾದರೂ ತಮ್ಮ ಲಿವರಿನ ತುಂಡು ಕೊಡದಿದ್ದರೆ ಅವನು ಉಳಿಯುವುದಿಲ್ಲ ಎಂದರು ಡಾಕ್ಟರು. ಹೆಂಡತಿಯ ರಕ್ತ ಹೊಂದಲಿಲ್ಲ, ಅಕ್ಕನದು ಹೊಂದಿತು.

"ನಂದ ಕೊಯ್ಕೋರಿ," ಎಂದಳು ರಾಚವ್ವ, ಕೊತ್ತಂಬರಿ ಸೂಡು ಕೊಡುವಷ್ಟು ಸಲೀಸಾಗಿ.

ಆದರೆ ಅವಳ ಲಿವರಿನಲ್ಲೇ ಕೊಬ್ಬು ತುಂಬಿತ್ತು. ರಕ್ತದಲ್ಲೂ ಕೊಬ್ಬು, ಸಕ್ಕರೆ ಏರಿದ್ದವು. ಮುಟ್ಟು ನಿಂತ ಮೇಲೆ ಹೆಂಗಸಿನ ಮೈಯನ್ನು ಕಾಯುತ್ತಿದ್ದ ಹಾರ್ಮೋನು ಇಳಿಯುತ್ತದೆ, ಕೊಬ್ಬು ಹೊಟ್ಟೆಗೂ ಲಿವರಿಗೂ ನುಗ್ಗುತ್ತದೆ ಎಂದರು ಡಾಕ್ಟರು. ಮೂರು ತಿಂಗಳಲ್ಲಿ ಇಳಿಸದಿದ್ದರೆ ಆಪರೇಷನ್ ಇಲ್ಲ.

ರಾಚವ್ವ ಕೈಕಟ್ಟಿ ಕೂರುವ ಪೈಕಿಯೇ ಅಲ್ಲ. ಸೋಮವಾರದ ಉಪವಾಸ ಮೊದಲೇ ಇತ್ತು. ನೆರೆಯ ಮರಾಠಿ ಹೆಂಗಸರನ್ನು ನೋಡಿ ಗುರುವಾರ, ಶನಿವಾರಗಳನ್ನೂ ತಮ್ಮನ ಹೆಸರಲ್ಲಿ ಹರಕೆ ಹೊತ್ತಳು. ಸ್ವಾಮಿಕಾರ್ಯದ ಜೊತೆ ಸ್ವಕಾರ್ಯವೂ ಆದೀತು ಎಂಬ ಲೆಕ್ಕ. ತಿಂಗಳ ಮೇಲೆ ನೋಡಿದರೆ ಕೊಬ್ಬು ಇನ್ನೂ ಏರಿತ್ತು! ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗೊಳೋ ಎಂದು ಅತ್ತಳು. ಪಥ್ಯ ಹೇಳಿಕೊಡುವ ಬೆಳಗಾವಿಯ ಶುಭಾಂಗಿ ಬಂದು ಪಕ್ಕದಲ್ಲಿ ಕೂತಳು.

"ಉಪವಾಸದ ದಿನ ಏನ್ ತಿಂತೀರಿ, ಅಕ್ಕಾ?"

"ಏನೂ ಇಲ್ರೀ. ಸಾಬೂದಾಣಿ ಖಿಚಡಿ. ತುಪ್ಪ, ಬಟಾಟಿ, ಶೇಂಗಾ ಅಷ್ಟ. ಮತ್ತ ಐದಾರ್ ಸಲ ಚಾ."

ಶುಭಾಂಗಿ ಹಣೆ ಚಚ್ಚಿಕೊಂಡಳು. "ವಾರಕ್ಕ ಮೂರ್ ದಿನ ಇದನ್ನ ತಿಂದ್ರ ಲಿವರಿನ ಕೊಬ್ಬ ಹೆಂಗ ಇಳೀತೈತ್ರಿ? ಊರಿಗೆಲ್ಲಾ ರೊಟ್ಟಿ ಬಡೀತೀರಿ, ನೀವೂ ಎರಡ್ ರೊಟ್ಟಿ, ಕಾಳಪಲ್ಯ ತಿನ್ರಿ. ದಿನಾ ಒಂದ್ ತಾಸ್ ಜೋರ್ ನಡೀರಿ."

ತಮ್ಮ ಉಳಿಯಲೆಂದು ಹೊತ್ತ ಹರಕೆಯೇ ತಮ್ಮನ ಕುತ್ತಿಗೆಗೆ ಬಂದಿತ್ತು.

"ಹರಕಿ ಮುರದ್ರ ದೇವ್ರು ಬಿಡ್ತಾನೇನ?" ಎಂದು ಗಂಡ ಸಿದ್ದಲಿಂಗಪ್ಪ ಹೆದರಿದ.

"ದೇವ್ರ ಕೂಡ ನಾ ಆಮ್ಯಾಲೆ ಮಾತಾಡ್ತೀನಿ. ಶರಣಗ ಆಮ್ಯಾಲೆ ಅನ್ನೂದ ಇಲ್ಲ."

ಸೋಮವಾರ ಮಧ್ಯಾಹ್ನ ದೇವರ ಪಟಕ್ಕೆ ಬೆನ್ನು ಮಾಡಿ ಕೂತಳು. ರೊಟ್ಟಿ, ಕಾಳಪಲ್ಯ ತಿಂದಳು. ಚಹಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಳು. ಬೆಳಗಾದರೆ ಸೀರೆ ಎತ್ತಿ ಕಟ್ಟಿ ಸ್ಟೇಷನ್ನಿನವರೆಗೆ ಬಿರುಸಾಗಿ ನಡೆದು ಬಂದಳು. ಚಾಳಿನ ಹೆಂಗಸರು ನಕ್ಕರೆ ನಗಲಿ ಎಂದುಕೊಂಡಳು. ಎರಡು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಳು. ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿ, ಆಪರೇಷನ್ ಯಾವಾಗ ಮಾಡೋಣ ಎಂದು ಕೇಳಿದರು.

"ಆಜ್ ಹೀ! ಇವತ್ತ!" ಎಂದಳು ರಾಚವ್ವ.

ಆಪರೇಷನ್ ಆದ ಆರನೆಯ ದಿನ ಶರಣ ಗೋಡೆ ಹಿಡಿದು ಅಕ್ಕನ ಮಂಚದವರೆಗೆ ನಡೆದು ಬಂದ.

"ಅಕ್ಕಾ, ಹಸಿವಾಗೇತಿ," ಎಂದ.

ಆರು ತಿಂಗಳಿಂದ ಅವನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ರಾಚವ್ವ ಹೊಲಿಗೆಯ ನೋವನ್ನೂ ಮರೆತು ಎದ್ದು ಕೂತು, ಇಡೀ ವಾರ್ಡಿಗೆ ಕೇಳುವಂತೆ ಅದನ್ನೇ ಹಿಂದಿಯಲ್ಲಿ ಕೂಗಿದಳು: "ಸಿಸ್ಟರ್! ಮೇರೆ ಭಾಯಿ ಕೋ ಭೂಖ್ ಲಗೀ ಹೈ!"