ಮಲಗಿದವರನ್ನು ಕೇಳು

ಸೀರೆಯ ಕೆಳಗೆ ಲೇಸು ಬಿಗಿದ ಕಪ್ಪು ಬೂಟು. ಚಿಕ್ಕೋಡಿಯ ಕಡುಬಿಸಿಲಿನಲ್ಲೂ ಮೇಡಂ ಅದನ್ನು ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ. ಮೆಡಿಕಲ್ ಅಂಗಡಿಯ ಮೇಲಿದ್ದ ಅವರ ಕ್ಲಾಸಿನ ಮೆಟ್ಟಿಲು ಹತ್ತುವಾಗ ಆ ಬೂಟಿನ ಕಿರಕಿರ ಕೇಳಿಸಿದರೆ ಸಾಕು, ವಾಪಸ್ ಬಸ್ಸು ಹತ್ತಿಬಿಡೋಣ ಅನಿಸುತ್ತಿತ್ತು. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ತೀರಿಹೋದವರ ಬಗ್ಗೆ ಹೀಗೆ ಬರೆಯಬಾರದು ಅನ್ನುತ್ತಾರೆ. ಬರೆಯದಿದ್ದರೆ ಅವರೇ ಬೈಯುತ್ತಿದ್ದರು.

ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ಬಹಳ ವರ್ಷ ನರ್ಸಾಗಿ ದುಡಿದು ಊರಿಗೆ ಮರಳಿದವರು ಅವರು. ಅಲ್ಲಿಗೆ ಹೊರಟ ನಮ್ಮಂಥ ನರ್ಸುಗಳಿಗೆ ತರಬೇತಿ ಕೊಡುತ್ತಿದ್ದರು. ನನಗೂ ಅಲ್ಲಿ ಕೆಲಸ ನಿಕ್ಕಿಯಾಗಿತ್ತು. ಆದರೆ ಹೋದ ಮೇಲೆ ಒಂದು ಪ್ರಾಯೋಗಿಕ ಪರೀಕ್ಷೆ ಪಾಸು ಮಾಡಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್. ಇಲ್ಲಿಯ ಕೆಲಸ ಬಿಟ್ಟಾಗಿತ್ತು, ಹುಡುಗ ಫಾರಿನ್ನಿಗೆ ಹೊರಟನೆಂದು ಅಪ್ಪ ಕಬ್ಬೂರಿನ ತುಂಬ ಹೇಳಿಕೊಂಡು ಬಂದೂ ಆಗಿತ್ತು.

ಮೇಡಂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿನ ಹೆಸರೇ ನಮ್ಮ ಹೆಸರು. "ಕಬ್ಬೂರಾ, ನಿನ್ನ ಇಂಗ್ಲಿಷ್ ಕೇಳಿದ್ರ ಆರಾಮ ಇದ್ದಾಂವಗೂ ಜ್ವರ ಬರ್ತಾವ" ಎನ್ನುತ್ತಿದ್ದರು. ನಮ್ಮೆದುರಿಗೇ ಚಹಾ ಕುಡಿಯುತ್ತಿದ್ದರು, ಬೇಕೇನು ಎಂದು ಒಂದು ದಿನವೂ ಕೇಳಿದವರಲ್ಲ.

ಒಮ್ಮೆ ಅಭ್ಯಾಸಕ್ಕೆಂದು ಕುಡಚಿಯ ಹುಡುಗಿ ರೋಗಿಯಾಗಿ ಮಂಚದ ಮೇಲೆ ಮಲಗಿದ್ದಳು, ಅಥಣಿಯವನು ಆಕೆಯ ಮಗನಾಗಿ ಪಕ್ಕದಲ್ಲಿ ನಿಂತಿದ್ದ. ನಾನು ಅವನತ್ತ ತಿರುಗಿ, ರಾತ್ರಿ ಇವರಿಗೆ ನಿದ್ದೆ ಬಂತೇ ಎಂದು ಕೇಳಿದೆ. ನಮ್ಮ ಕಡೆ ಅದೇ ರೂಢಿ. ರೋಗಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದರೂ ಕೇಳುವುದು ಮಗನನ್ನು, ಗಂಡನನ್ನು, ಸೊಸೆಯನ್ನು. ಕೇಳದಿದ್ದರೆ ಮನೆಯವರಿಗೆ ಸಿಟ್ಟು.

ಬೂಟು ಕಿರಗುಟ್ಟಿತು. "ಮಲಗಿದಾಕಿ ಸತ್ತಾಳೇನು? ಆಕೀನ್ನ ಕೇಳು."

ಅಷ್ಟಕ್ಕೇ ಬಿಡಲಿಲ್ಲ. ನನ್ನನ್ನೇ ಮಂಚದ ಮೇಲೆ ಮಲಗಿಸಿದರು. ಕ್ಲಾಸು ಮುಗಿಯುವವರೆಗೆ ಒಬ್ಬೊಬ್ಬರೂ ಬಂದು ನನ್ನ ಮೂತ್ರ, ಮಲ, ಹಸಿವಿನ ಬಗ್ಗೆ ಅಥಣಿಯವನನ್ನು ವಿಚಾರಿಸಿದರು. ಅವನು ಬಾಯಿಗೆ ಬಂದದ್ದು ಹೇಳಿದ. ನಾನು ಬಾಯಿ ತೆರೆದರೆ, "ನೀ ರೋಗಿ. ಸುಮ್ಮ ಬಿದ್ಕೋ" ಎಂದರು ಮೇಡಂ. ಎಲ್ಲರೂ ನಕ್ಕರು. ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಅವರಿಗೆ ಮನಸ್ಸಿನಲ್ಲೇ ಹಿಡಿಶಾಪ ಹಾಕಿದೆ.

ಇಂಗ್ಲೆಂಡಿನ ಪರೀಕ್ಷೆಯಲ್ಲಿ ಒಬ್ಬ ಮುದುಕಿ ಮಲಗಿದ್ದಳು, ಪಕ್ಕದಲ್ಲಿ ಮಗಳು. ನನ್ನ ಕುತ್ತಿಗೆ ತಾನಾಗಿಯೇ ಮಗಳತ್ತ ತಿರುಗಿತ್ತು. ಸತ್ತಾಳೇನು ಎಂಬ ಮಾತು ಕಿವಿಯಲ್ಲಿ ಮೊಳಗಿತು. ತಿರುಗಿ ಮುದುಕಿಯನ್ನೇ ಕೇಳಿದೆ. ಪಾಸಾದ ಮೇಲೆ ಫೋನ್ ಮಾಡಿದರೆ ಮೇಡಂ, "ಎಷ್ಟನೇ ಸಲಕ್ಕ?" ಎಂದು ಕೇಳಿ ಫೋನ್ ಇಟ್ಟರು.

ಹೋದ ವರ್ಷ ರಜೆಯಲ್ಲಿ ಊರಿಗೆ ಬಂದಾಗ ಅವರು ಚಿಕ್ಕೋಡಿಯ ಆಸ್ಪತ್ರೆಯಲ್ಲಿದ್ದಾರೆಂದು ತಿಳಿಯಿತು. ಹೋಗಬಾರದು ಅಂದುಕೊಂಡೇ ಹೋದೆ. ಚಾದರದ ಹೊರಗೆ ಬರಿಗಾಲುಗಳು ಕಾಣುತ್ತಿದ್ದವು. ಡಾಕ್ಟರು ಬಂದು ಅವರ ತಮ್ಮನನ್ನು ಕೇಳಿದರು. "ಆರಾಮ ಅದಾರ್ರಿ, ನೋವೇನಿಲ್ರಿ" ಎಂದ ತಮ್ಮ. ಮೇಡಂ ಗೋಡೆ ನೋಡುತ್ತಿದ್ದರು.

ಡಾಕ್ಟರು ಹೋದ ಮೇಲೆ ನಿಂತಲ್ಲಿಂದಲೇ ಕೇಳಿದೆ: "ಮೇಡಂ, ಎಲ್ಲಿ ನೋಯಾಕತ್ತೈತ್ರಿ?"

ನಿಧಾನವಾಗಿ ನನ್ನತ್ತ ತಿರುಗಿದರು. "ಕುರ್ಚಿ ಸನೇಕ ಎಳಕೋ, ಕಬ್ಬೂರಾ. ಅಷ್ಟ ದೂರದಿಂದ ಕೇಳಿದ್ರ ಮಾರ್ಕ್ಸ್ ಸಿಗೂದಿಲ್ಲ."

ಎಳೆದುಕೊಂಡು ಕುಳಿತೆ. ಬೆನ್ನಿನಿಂದ ಶುರು ಮಾಡಿ ಒಂದೊಂದಾಗಿ ಎಲ್ಲ ಹೇಳಿದರು. ಅವರ ತಮ್ಮ ಬಾಯಿ ಬಿಟ್ಟುಕೊಂಡು ಕೇಳುತ್ತ ನಿಂತಿದ್ದ. ನಾನು ಡಾಕ್ಟರನ್ನು ಮತ್ತೆ ಕರೆತಂದೆ, ನೋವಿಗೆ ಔಷಧ ಬದಲಾಯಿತು. ಆ ವಾರದಲ್ಲೇ ಮೇಡಂ ತೀರಿಕೊಂಡರು.

ನನಗೆ ಅವರ ಮೇಲೆ ಪ್ರೀತಿ ಹುಟ್ಟಲಿಲ್ಲ, ಈಗಲೂ ಇಲ್ಲ. ಆದರೆ ಇಂಗ್ಲೆಂಡಿನ ವಾರ್ಡಿನಲ್ಲಿ ನಾನು ದಿನವೂ ಮಂಚದ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡೇ ಮಾತು ಶುರು ಮಾಡುತ್ತೇನೆ.